ಒಂದೊಂದೇ ಸಾಲು

ಎಲ್ಗೊಯ್ಬಾರಿನಲ್ಲಿ ರಾತ್ರಿ ಪಾಳಿ ಹತ್ತಕ್ಕೆ ಶುರು.
ದೇಬಾ ಹೊಳೆ ಕಾರ್ಖಾನೆಯ ಹಿಂಗೋಡೆ ಸವರಿಕೊಂಡು ಹೋಗುತ್ತದೆ,
ಅದಕ್ಕೆ ಪಾಳಿಯಿಲ್ಲ.
ಮನೆಗೆ ಹೊರಟವನು ಶಾಂತಿ. ಈ ಬಾಸ್ಕ್ ಕಣಿವೆಯಲ್ಲಿ
ಅದು ಗಂಡಸರ ಹೆಸರು. ಮೂವತ್ತೆಂಟು ವರ್ಷದ ಎಣ್ಣೆ
ಅವನ ಉಗುರುಗಳ ಅಂಚಿಗೆ ಗೆರೆ ಬರೆದಿದೆ.
ಒಳಗೆ ಬಂದವಳು ಎನೆರಿಟ್ಸ್, ಕೆಲಸಕ್ಕೆ ಸೇರಿ ಏಳನೇ ತಿಂಗಳು,
ಯಂತ್ರಕ್ಕೆ ಒಬ್ಬಳೇ ಹೊಸ ಕೆಲಸ ಕಟ್ಟುವುದು ಇದೇ ಮೊದಲು.

ಅವನು ಉಪದೇಶ ಮಾಡಲಿಲ್ಲ.
ಕೋಟಿನ ಒಂದು ತೋಳು ತೊಟ್ಟು, ಇನ್ನೊಂದು ಜೋತಾಡುತ್ತಿರುವಾಗ
ಮೇಜಿನ ಎಡಮೂಲೆಯ ಕುಳಿಯನ್ನು ಹೆಬ್ಬೆರಳಿನಿಂದ ಮುಟ್ಟಿದ.
ಹುಣಸೆಬೀಜದಷ್ಟು ಕುಳಿ.
ಐವತ್ತರ ಮುಂದೆ ಯಾರೋ ಒಂದು ಚುಕ್ಕೆ ಮರೆತ ಮಧ್ಯಾಹ್ನ
ಕ್ಲಾಂಪು ಕಿತ್ತು ಬಂದು ಉಕ್ಕಿಗೆ ಕಚ್ಚಿದ ಗುರುತು.
ಸ್ಪಿಂಡಲ್ ಬದಲಿಸಲು ಒಂಬತ್ತು ವಾರ ಹಿಡಿಯಿತಂತೆ.
ಯಾರು ಎಂದು ಅವಳು ಕೇಳಲಿಲ್ಲ.
ಅವನು ಇನ್ನೊಂದು ತೋಳು ತೊಟ್ಟು ಹೊರಟ.

ಇನ್ನು ಅವಳು, ಮತ್ತು ಹನ್ನೊಂದು ಟನ್ನಿನ ಈ ವಿಧೇಯತೆ.
ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುತ್ತದೆ,
ಅದೇ ಭಯ.

ಬಟ್ಟೆಯಿಂದ ಮೇಜು ಒರೆಸುತ್ತಾಳೆ. ಒರೆಸಿದ ಮೇಲೆ
ಬಟ್ಟೆಯನ್ನು ನಂಬದೆ ಬರಿಗೈಯಿಂದ ಸವರುತ್ತಾಳೆ.
ಒಂದು ಸಿಬಿರು ಅಂಗೈಗೆ ಚುಚ್ಚಿ
ನಾನಿಲ್ಲಿದ್ದೆ ಎನ್ನುತ್ತದೆ.
ಕ್ಲಾಂಪಿನ ಬೋಲ್ಟು ಎರಡು ಬೆರಳು ಎತ್ತರ ಎದ್ದಿದೆ,
ನಿನ್ನೆಯ ಕೆಲಸಕ್ಕೆ ಅದು ಸರಿಯಿತ್ತು.
ನಿನ್ನೆಯನ್ನು ಇಲ್ಲಿ ಯಾರೂ ಅಳಿಸಿ ಹೋಗುವುದಿಲ್ಲ:
ತೆರೆಯ ಮೇಲೆ ಹಳೆಯ ಸೊನ್ನೆ ಇನ್ನೂ ಕೂತಿದೆ,
ಎದ್ದು ಹೋಗು ಎಂದು ಯಾರೂ ಹೇಳದ ನೆಂಟನ ಹಾಗೆ.
ಗಿಡ್ಡ ಬೋಲ್ಟು ಹುಡುಕಲು ಕಾಲು ಗಂಟೆ.

ಆಮೇಲೆ ಗುಂಡಿ ತಿರುಗಿಸುತ್ತಾಳೆ: ಒಂದೊಂದೇ ಸಾಲು.
ಈಗ ಯಂತ್ರ ಒಂದು ಸಾಲು ಓದಿ, ಮಾಡಿ, ನಿಲ್ಲುತ್ತದೆ.
ಹಸಿರು ಒತ್ತಿದರೆ ಇನ್ನೊಂದು.
ಅಕ್ಷರಕ್ಕೆ ಬೆರಳಿಟ್ಟು ಓದುವ ಮಗುವಿನ ಹಾಗೆ,
ವೇಗ ನೂರಕ್ಕೆ ಐದು.
ಅವಳ ಎಡಗೈ ಕೆಂಪು ಗುಂಡಿಯ ಮೇಲೆ.

ಹನ್ನೆರಡನೇ ಉಪಕರಣ, ಉದ್ದನೆಯ ಡ್ರಿಲ್ಲು,
ಇಳಿಯುತ್ತದೆ, ಇಳಿಯುತ್ತದೆ,
ತಡೆಯುತ್ತಾಳೆ.
ತೆರೆ ಹೇಳುತ್ತದೆ: ಇನ್ನು ಹೋಗಬೇಕಾದ್ದು ನೂರ ಅರವತ್ತೈದು.
ಬಾಗಿಲು ತೆಗೆದು ಅಳತೆಪಟ್ಟಿ ನಿಲ್ಲಿಸುತ್ತಾಳೆ:
ಮೊನೆಯಿಂದ ಲೋಹಕ್ಕೆ ಅರವತ್ತು.
ಮತ್ತೊಮ್ಮೆ ನಿಲ್ಲಿಸುತ್ತಾಳೆ. ಅರವತ್ತೇ.

ಉಳಿದ ನೂರೈದು ಮಿಲಿಮೀಟರು
ಎಲ್ಲಿಗೆ ಹೊರಟಿತ್ತು?

ಹೊಳೆಯ ಸದ್ದು ಕೇಳಿಸಿತು. ಅಷ್ಟು ಹೊತ್ತೂ ಅದು ಇತ್ತು.

ಹುಡುಕಿದರೆ, ಹನ್ನೆರಡರ ಎದುರು
ಇಪ್ಪತ್ತೊಂದರ ಉದ್ದವನ್ನು ಕರೆದಿದ್ದಾಳೆ.
ಒಂದು, ಎರಡು; ಬಸ್ಸಿನಲ್ಲಿ
ಕಿಟಕಿಯ ಸೀಟು ಬದಲಿಸಿಕೊಂಡ ಅಕ್ಕತಂಗಿಯರು,
ಏನೂ ಅರಿಯದವರು.
ತಿದ್ದಿದಳು. ಕೈ ನಡುಗಿದ್ದು ತಿದ್ದಿದ ಮೇಲೆ.

ಕೆಟ್ಟ ಮೇಲೆ ಬುದ್ಧಿ ಬರುತ್ತದಂತೆ.
ಕೆಡುವ ಮೊದಲೂ ಕರೆದರೆ ಬರುತ್ತದೆ, ಆದರೆ ನಡೆದು ಬರುತ್ತದೆ.
ಅದು ಬರುವ ತನಕದ ಹೊತ್ತಿನ ಬೆಲೆ
ಯಾರಾದರೂ ತೆರಬೇಕು.

ಬೆಳಿಗ್ಗೆ ಆರಕ್ಕೆ ಮೇಲ್ವಿಚಾರಕ ಗೊರ್ಕಾ ಹಾಳೆ ನೋಡಿದ.
ಹನ್ನೊಂದು ಆಗಬೇಕಿತ್ತು, ಹತ್ತೇ ಇವೆ. ಒಂದು ಎಲ್ಲಿ?
ಏನು ತೋರಿಸುವುದು?
ಸ್ಪಿಂಡಲ್ ಇದ್ದ ಹಾಗೇ ಇದೆ. ಮೇಜಿನ ಮೇಲೆ ಕುಳಿ ಒಂದೇ ಇದೆ.
ಆಗದೆ ಹೋದದ್ದರ ಚೂರುಗಳನ್ನು
ಯಾರೂ ಗುಡಿಸಿ ತಂದು ಇಡಲಾರರು.
ಗೊರ್ಕಾ ಕೆಂಪು ಶಾಯಿಯಲ್ಲಿ ಒಂದು ಪ್ರಶ್ನಾರ್ಥಕ ಹಾಕಿ ಹೋದ.

ಮರುರಾತ್ರಿ ಹತ್ತಕ್ಕೆ ಅದೇ ಹಾಳೆ ಅಲ್ಲೇ ತೂಗುತ್ತಿತ್ತು.
ಕೆಂಪಿನ ಪಕ್ಕ ಪೆನ್ಸಿಲಿನಲ್ಲಿ ಶಾಂತಿಯ ಸಹಿ,
ಕಾರಣ ಎಂಬಲ್ಲಿ ಒಂದೇ ಮಾತು: ಅಳತೆ.
ಆ ಮಾತಿನ ಕೊನೆಗೆ ಒಂದು ಚುಕ್ಕೆ,
ಕಾಗದ ತೂತಾಗುವಷ್ಟು ಒತ್ತಿ ಇಟ್ಟದ್ದು.

ಅವನು ಆಗಲೇ ಹೋಗಿಯಾಗಿತ್ತು.
ಅವಳು ಬಟ್ಟೆ ಎತ್ತಿಕೊಂಡಳು. ಒರೆಸಿದಳು.
ಬಟ್ಟೆ ಬದಿಗಿಟ್ಟಳು.